ಸ್ಯಾನಿಬೆಲ್ ದ್ವೀಪದಲ್ಲಿ ಒಂದು ದಿನ: ಜಾಗಗಳ ಲಿಸ್ಟ್ ಬಿಡಿ, ಇಳಿತದ ಟೈಮ್ ನೋಡಿ

ಕಪ್ಪೆಚಿಪ್ಪು

ಫ್ಲೋರಿಡಾದ ಸ್ಯಾನಿಬೆಲ್‌ಗೆ ಒಂದು ದಿನಕ್ಕೆ ಅಂತ ಹೋಗೋರು ಮೊದಲು ಕೇಳೋದೇ "ಏನೇನು ಕವರ್ ಮಾಡ್ಬಹುದು" ಅಂತ. ಲೈಟ್‌ಹೌಸ್, ಬೋಮನ್ಸ್ ಬೀಚ್, ಡಿಂಗ್ ಡಾರ್ಲಿಂಗ್ ರೆಫ್ಯೂಜ್ ಅನ್ನೋ ವನ್ಯಜೀವಿ ಧಾಮ, ಶೆಲ್ ಮ್ಯೂಸಿಯಂ, ಆಮೇಲೆ ಪಕ್ಕದ ಕ್ಯಾಪ್ಟಿವಾ ದ್ವೀಪದಲ್ಲಿ ಸನ್‌ಸೆಟ್, ಇಷ್ಟನ್ನೂ ಒಂದೇ ದಿನಕ್ಕೆ ತುರುಕಿಬಿಟ್ರೆ ಅರ್ಧ ದಿನ ಕಾರಲ್ಲೇ ಹೋಗತ್ತೆ, ಬೀಚ್‌ನಲ್ಲಿ ನಿಂತಾಗ್ಲೂ ಮುಂದಿನ ಜಾಗದ್ದೇ ಯೋಚನೆ. ನನ್ನ ಮಾತು ಕೇಳಿ, ಮೊದಲು ಆ ದಿನ ಇಳಿತ ಎಷ್ಟೊತ್ತಿಗೆ ಅಂತ ನೋಡಿ, ಬಾಕಿದೆಲ್ಲಾ ಅದರ ಸುತ್ತ ಹೊಂದಿಸ್ಕೊಳಿ.

ಯಾಕೆ ಅಂದ್ರೆ ಈ ದ್ವೀಪದಲ್ಲಿ ನೋಡೋ ಜೀವಗಳೆಲ್ಲಾ ನೀರು ಸರಿದ ಮೇಲೆ ಕಾಣೋವು. ಈ ಕಡೆ ಗಲ್ಫ್‌ನಲ್ಲಿ (ಮೆಕ್ಸಿಕೋ ಕೊಲ್ಲಿ) ಉಬ್ಬರಕ್ಕೂ ಇಳಿತಕ್ಕೂ ನಡುವೆ ಎತ್ತರದ ವ್ಯತ್ಯಾಸ ಬರೀ 2-3 ಅಡಿ, ಆದ್ರೆ ತಳ ಎಷ್ಟು ಚಪ್ಪಟೆ ಅಂದ್ರೆ ಅಷ್ಟು ಇಳಿದ್ರೂ ಸಾಕು ಮರಳು ದೂರದವರೆಗೂ ಬಯಲಾಗತ್ತೆ. ಇನ್ನೊಂದು ವಿಷ್ಯ, ಇಲ್ಲಿ ದಿನಕ್ಕೆ ಎರಡು ಸಲ ಉಬ್ಬರ ಎರಡು ಸಲ ಇಳಿತ ಅನ್ನೋ ಲೆಕ್ಕ ಯಾವಾಗ್ಲೂ ನಡೆಯಲ್ಲ, ಕೆಲವು ದಿನ ಒಂದೊಂದೇ ಸಲ ಆಗತ್ತೆ, ಹಾಗಾಗಿ ಅಂದಾಜಿನ ಮೇಲೆ ಹೋಗ್ಬೇಡಿ, ಟೈಡ್ ಟೇಬಲ್, ಅಂದ್ರೆ ಉಬ್ಬರ ಇಳಿತದ ವೇಳಾಪಟ್ಟಿ, ನೋಡ್ಲೇಬೇಕು. ಹುಣ್ಣಿಮೆ ಅಮಾವಾಸ್ಯೆ ಹತ್ತಿರ ಇಳಿತ ಜಾಸ್ತಿ ಇರತ್ತೆ. ಚಳಿಗಾಲದಲ್ಲಿ ಕೋಲ್ಡ್ ಫ್ರಂಟ್ (ತಣ್ಣನೆ ಗಾಳಿಯ ಅಲೆ) ದಾಟಿದ ಮಾರನೇ ದಿನ ಇನ್ನೂ ಚೆನ್ನ, ಉತ್ತರದ ಗಾಳಿ ನೀರನ್ನ ದಡದಿಂದ ಆಚೆ ತಳ್ಳಿರತ್ತೆ, ಅಲೆಗಳು ತಳ ಕಲಕಿ ಚಿಪ್ಪುಗಳನ್ನ ದಡಕ್ಕೆ ತಂದು ಹಾಕಿರತ್ವೆ.

ಇಷ್ಟೊಂದು ಚಿಪ್ಪು ಇಲ್ಲಿಗೇ ಯಾಕೆ ಬರತ್ತೆ ಅಂತ ಮ್ಯಾಪ್ ತೆಗೆದು ನೋಡಿ, ಆವಾಗ ಗೊತ್ತಾಗತ್ತೆ. ಈ ಕರಾವಳಿಯ ಬೇರೆ ದ್ವೀಪಗಳು ಹೆಚ್ಚುಕಮ್ಮಿ ಉತ್ತರ-ದಕ್ಷಿಣವಾಗಿ ದಡಕ್ಕೆ ಸಮಾನಾಂತರ ಮಲಗಿವೆ, ಸ್ಯಾನಿಬೆಲ್ ಒಂದು ಮಾತ್ರ ಪೂರ್ವ-ಪಶ್ಚಿಮಕ್ಕೆ ಬಾಗಿ ನಿಂತಿದೆ, ಸುಮಾರು 12 ಮೈಲಿ ಉದ್ದದ ಈ ತೋಳು ದಕ್ಷಿಣದಿಂದ ಬರೋ ಪ್ರವಾಹಕ್ಕೆ ಅಡ್ಡ ಚಾಚಿರೋದು. ಮುಂದೆ ಹವಳದ ದಿಬ್ಬ ಯಾವುದೂ ಇಲ್ಲ, ಆಳ ಇಲ್ಲದ ಅಗಲವಾದ ಕಡಲತಳ, ಹಾಗಾಗಿ ಚಿಪ್ಪುಗಳು ಪುಡಿಯಾಗದೆ ಇಡಿಯಾಗೇ ಉರುಳ್ಕೊಂಡು ಬರತ್ವೆ.

ನಾನು ದಿನ ಕಳೆಯೋ ರೀತಿ ಅಂದ್ರೆ ಇಳಿತಕ್ಕೆ ಒಂದು ಗಂಟೆ ಮುಂಚೆ ಬೀಚ್ ಸೇರ್ಕೊಂಡು ನೀರು ಸರಿಯೋದರ ಜೊತೆಗೇ ನಡೆಯೋದು, ಆಮೇಲೆ ಬಿಸಿಲು ಏರಿದಾಗ ರೆಫ್ಯೂಜ್‌ನ ಮ್ಯಾಂಗ್ರೋವ್ (ಉಪ್ಪುನೀರಲ್ಲಿ ಬೆಳೆಯೋ ಕಾಡು) ಕಡೆ ಹೋಗೋದು, ಒಳಗಿನ ಕೊಲ್ಲಿ ಕಡೆ ಇಳಿತ ಸ್ವಲ್ಪ ತಡ ಆಗೋದ್ರಿಂದ ಅಲ್ಲಿ ಹಕ್ಕಿಗಳು ಇನ್ನೂ ಕೆಸರಲ್ಲಿ ಮೇಯ್ತಾ ಇರತ್ವೆ, ಸಂಜೆ ಮತ್ತೆ ಬೀಚ್. ಇಷ್ಟೇ. ಮ್ಯೂಸಿಯಂ ಮಳೆ ದಿನಕ್ಕೆ ಇಟ್ಕೊಳಿ.

ಅಲೆಮಾರಿ_ದಂಪತಿ

ತುಂಬಾ ಥ್ಯಾಂಕ್ಸ್ ಅಕ್ಕಾ, ನಾವು ಡಿಸೆಂಬರ್ ರಜೆಗೆ ಬರ್ತಿದೀವಿ, ಜೊತೆಗೆ ಇಬ್ರು ಮಕ್ಳು, ಒಬ್ಬನಿಗೆ 9 ಇನ್ನೊಬ್ಳಿಗೆ 5. ಯಾವ ಬೀಚ್ ಅನ್ನೋದೇ ಗೊಂದಲ. ಒಬ್ರು ಲೈಟ್‌ಹೌಸ್ ಅಂತಾರೆ ಇನ್ನೊಬ್ರು ಬೋಮನ್ಸ್ ಅಂತಾರೆ. ಒಂದನ್ನೇ ಆರಿಸ್ಕೊಳಿ ಅಂದ್ರೆ ಯಾವುದು? ಮತ್ತೆ ಮಕ್ಳಿಗೆ ಬರೀ ಚಿಪ್ಪು ಹೆಕ್ಕೋದರಲ್ಲಿ ಎಷ್ಟೊತ್ತು ಮನಸ್ಸು ನಿಲ್ಲತ್ತೆ ಅಂತ ಯೋಚನೆ.

ಕಪ್ಪೆಚಿಪ್ಪು

5 ವರ್ಷದವಳು ಇದಾಳೆ ಅಂದ್ರೆ ಲೈಟ್‌ಹೌಸ್ ತುದಿ. ಅಲ್ಲಿ ಸಿಗೋದು ಹೆಚ್ಚಾಗಿ ಪುಟಾಣಿ ಚಿಪ್ಪುಗಳು, ಉಗುರಿನಷ್ಟು, ಅಕ್ಕಿಕಾಳಿನಷ್ಟು, ಮಕ್ಳು ಕೂತ ಜಾಗದಲ್ಲೇ ಕೂತು ಹುಡುಕ್ತಾರೆ. ಪಾರ್ಕಿಂಗಿಂದ ನಡಿಗೆಯೂ ಕಮ್ಮಿ. ಬೋಮನ್ಸ್‌ನಲ್ಲಿ ಪಾರ್ಕಿಂಗಿಂದ ಕಡಲವರೆಗೆ ನಡೀಬೇಕು, ಆದ್ರೆ ದೊಡ್ಡ ಶಂಖಗಳು ಆ ಕಡೆಗೂ ಬ್ಲೈಂಡ್ ಪಾಸ್ (ಸ್ಯಾನಿಬೆಲ್ ಕ್ಯಾಪ್ಟಿವಾ ನಡುವಿನ ಕಿರಿದಾದ ನೀರದಾರಿ) ಕಡೆಗೂ ಜಾಸ್ತಿ, ಜನ ಕಮ್ಮಿ, ಹಿಂದುಗಡೆ ಕಟ್ಟಡಗಳಿಲ್ಲ.

ಒಂದು ಎಚ್ಚರಿಕೆ, ಲೈಟ್‌ಹೌಸ್ ತುದೀಲಿ ಕೊಲ್ಲಿಯ ನೀರು ಒಳಗೆ ಹೊರಗೆ ಹರಿಯೋ ಜಾಗ ಇದೆ, ಸೆಳೆತ ಜೋರು. ಬ್ಲೈಂಡ್ ಪಾಸ್‌ನಲ್ಲೂ ಹಾಗೇ. ಅಲ್ಲಿ ಮಕ್ಳನ್ನ ಮೊಣಕಾಲುದ್ದ ನೀರಿಗೂ ಬಿಡ್ಬೇಡಿ, ನೋಡೋಕೆ ಕೆರೆ ಥರ ಶಾಂತವಾಗಿ ಕಾಣತ್ತೆ.

ಮಕ್ಳ ಮನಸ್ಸು ನಿಲ್ಲಲ್ಲ ಅನ್ನೋ ಚಿಂತೆ ಬಿಡಿ. ಅಲೆ ಬಂದು ಮುಟ್ಟೋ ಅಂಚಿನಲ್ಲಿ ಕೂರ್ಸಿ, ಕೋಕೀನಾ ಅಂತ ಒಂದು ಚಿಕ್ಕ ಜೋಡಿಚಿಪ್ಪಿನ ಪ್ರಾಣಿ ಇದೆ, ಹಳದಿ, ಗುಲಾಬಿ, ನೇರಳೆ, ಬಿಳಿ ಮೇಲೆ ಕಿರಣದಂಥ ಗೆರೆ, ಪಕ್ಕಪಕ್ಕದ ಎರಡು ಒಂದೇ ಬಣ್ಣ ಇರಲ್ಲ. ಅಲೆ ಬಂದು ಮೇಲಿನ ಮರಳು ಎಳ್ಕೊಂಡು ಹೋದ ತಕ್ಷಣ ನೂರಾರು ಒಟ್ಟಿಗೆ ಬಯಲಾಗತ್ವೆ, ಒಂದು ಕ್ಷಣ ಅಡ್ಡ ಬಿದ್ದಿರತ್ವೆ, ಆಮೇಲೆ ಒಂದು ಬಿಳಿ ಪಾದ ಹೊರಗೆ ಚಾಚಿ ಮರಳೊಳಗೆ ಚುಚ್ಚಿ ಚಿಪ್ಪನ್ನ ನೆಟ್ಟಗೆ ನಿಲ್ಲಿಸಿ ಎರಡು ಮೂರು ಎಳೆತಕ್ಕೆ ಪೂರ್ತಿ ಒಳಗೆ ಹೋಗ್ಬಿಡತ್ವೆ. ಮುಂದಿನ ಅಲೆಗೆ ಮತ್ತೆ ಅದೇ. ಅವು ಉಬ್ಬರದ ಜೊತೆ ಮೇಲಕ್ಕೂ ಇಳಿತದ ಜೊತೆ ಕೆಳಕ್ಕೂ ಜಾಗ ಬದಲಾಯಿಸ್ತಾನೇ ಇರತ್ವೆ. ಇದನ್ನ ನೋಡ್ತಾ ಕೂತ ಮಗು ಎದ್ದು ಬರಲ್ಲ, ದೊಡ್ಡೋರೂ ಬರಲ್ಲ.

ತೆಂಕಣಗಾಳಿ

ನೀರಿಗೆ ಇಳಿಯುವವರಿಗೆ ಒಂದು ಮಾತು ಹೇಳ್ಲೇಬೇಕು ಮಾರಾಯ್ರೆ, ಕಾಲನ್ನು ಎತ್ತಿ ಎತ್ತಿ ಇಡ್ಬೇಡಿ, ಮರಳಿನ ಮೇಲೆ ಎಳ್ಕೊಂಡೇ ಹೋಗಿ. ಇಲ್ಲಿ ತೊರಕೆ ಮೀನು (ಸ್ಟಿಂಗ್‌ರೇ) ಉಂಟು. ಮರಳು ಮೈಮೇಲೆ ಎಳ್ಕೊಂಡು ದಡದ ಹತ್ತಿರವೇ ಮಲಗಿರ್ತದೆ, ಬೇಸಿಗೆಯಲ್ಲಿ ಜಾಸ್ತಿ. ಪಾದದ ಸದ್ದು ಗೊತ್ತಾದ್ರೆ ಅದೇ ಹೋಗ್ತದೆ, ಮೇಲೆ ತುಳಿದ್ರೆ ಮಾತ್ರ ಬಾಲದ ಮುಳ್ಳು ಚುಚ್ಚುವುದು. ಚುಚ್ಚಿದ್ರೆ ತಡ್ಕೊಳ್ಳುವಷ್ಟು ಬಿಸಿನೀರಲ್ಲಿ ಕಾಲು ಇಡ್ಬೇಕು, ಆ ವಿಷದ ನೋವು ಬಿಸಿಗೆ ಇಳೀತದೆ, ಆಮೇಲೆ ಡಾಕ್ಟರ್ ಹತ್ರ ತೋರಿಸ್ಲೇಬೇಕು, ಮುಳ್ಳಿನ ಚೂರು ಒಳಗೆ ಉಳಿದಿರುವ ಸಾಧ್ಯತೆ ಉಂಟು.

ಮತ್ತೆ ಬೆಳಿಗ್ಗೆ ಸಂಜೆ ಗಾಳಿ ಇಲ್ಲದ ಹೊತ್ತಲ್ಲಿ ಕಣ್ಣಿಗೇ ಕಾಣದ ಸಣ್ಣ ನೊಣ ಕಚ್ತದೆ, ನೋ-ಸೀ-ಅಮ್ ಅಂತಾರೆ. ತೋಳು ಪೂರ್ತಿ ಮುಚ್ಚುವ ತೆಳು ಬಟ್ಟೆ ಇದ್ರೆ ಒಳ್ಳೇದು.

ಬೈನಾಕ್ಯುಲರ್_ಭಟ್ಟ

ರೆಫ್ಯೂಜ್ ಬಗ್ಗೆ ಎರಡೇ ಸಾಲಲ್ಲಿ ಮುಗಿಸಿಬಿಟ್ರಿ, ನನಗೆ ಅದು ಈ ದ್ವೀಪದ ಜೀವ ಅನ್ಸತ್ತೆ ಹಾಗಾಗಿ ನಾನು ಸ್ವಲ್ಪ ಬರೀತೀನಿ. ಜೆ.ಎನ್. ಡಿಂಗ್ ಡಾರ್ಲಿಂಗ್ ನ್ಯಾಷನಲ್ ವೈಲ್ಡ್‌ಲೈಫ್ ರೆಫ್ಯೂಜ್. ಡಾರ್ಲಿಂಗ್ ಅನ್ನೋರು ಪತ್ರಿಕೆಯ ವ್ಯಂಗ್ಯಚಿತ್ರಕಾರ, 1924ರಲ್ಲೂ 1943ರಲ್ಲೂ ಪುಲಿಟ್ಜರ್ ಪ್ರಶಸ್ತಿ ತಗೊಂಡವರು, ಚಳಿಗಾಲಕ್ಕೆ ಈ ಕಡೆ ಬಂದು ಇರ್ತಿದ್ರು. 1934ರಲ್ಲಿ ಅಮೆರಿಕದ ಮೊದಲ ಡಕ್ ಸ್ಟ್ಯಾಂಪ್‌ನ ಚಿತ್ರ ಬರೆದದ್ದೂ ಅವರೇ, ಬೇಟೆಗಾರರು ಆ ಸ್ಟ್ಯಾಂಪ್ ಕೊಂಡ ದುಡ್ಡು ಜೌಗುಭೂಮಿ ಉಳಿಸೋಕೆ ಹೋಗತ್ತೆ. ಇಲ್ಲಿನ ಮ್ಯಾಂಗ್ರೋವ್ ಜಾಗ ಮಾರಾಟಕ್ಕೆ ಬಂದಾಗ ಅವರು ಹಿಡಿದ ಪಟ್ಟಿನಿಂದ 1945ರಲ್ಲಿ ಅಧ್ಯಕ್ಷ ಟ್ರೂಮನ್ ಸಹಿ ಹಾಕಿ ಇದನ್ನ ರಕ್ಷಿತ ಜಾಗ ಮಾಡಿದ್ರು, 1967ರಲ್ಲಿ ಡಾರ್ಲಿಂಗ್ ಹೆಸರು ಇಟ್ರು.

ಒಳಗೆ ವೈಲ್ಡ್‌ಲೈಫ್ ಡ್ರೈವ್ ಅಂತ 4 ಮೈಲಿಯ ಒನ್ ವೇ ರಸ್ತೆ. ಕಾರು, ಸೈಕಲ್, ನಡಿಗೆ ಏನಾದ್ರೂ ಸರಿ. ನನ್ನ ಆಯ್ಕೆ ಸೈಕಲ್, ಯಾಕಂದ್ರೆ ಎಲ್ಲಿ ಬೇಕಲ್ಲಿ ನಿಲ್ಲಿಸ್ಬಹುದು. 245ಕ್ಕೂ ಹೆಚ್ಚು ಜಾತಿ ಹಕ್ಕಿಗಳನ್ನ ಗುರುತಿಸಿದಾರೆ, ಆದ್ರೆ ಲೆಕ್ಕ ಮಾಡೋಕೆ ಹೋಗ್ಬೇಡಿ. ಇಳಿತದ ಹೊತ್ತಲ್ಲಿ ಒಂದು ಕೆಸರು ಬಯಲಿನ ಮುಂದೆ ಅರ್ಧ ಗಂಟೆ ಸುಮ್ನೆ ನಿಂತ್ಕೊಳಿ. ಗುಲಾಬಿ ಚಮಚಕೊಕ್ಕಿನ ಹಕ್ಕಿ ತಲೆ ತಗ್ಗಿಸಿ ಕೊಕ್ಕನ್ನ ಅರ್ಧ ತೆರೆದು ಎಡಕ್ಕೆ ಬಲಕ್ಕೆ ನೀರಲ್ಲಿ ಬೀಸ್ತಾ ನಡೆಯತ್ತೆ, ಸೀಗಡಿಯಂಥದ್ದು ತಗುಲಿದ ತಕ್ಷಣ ಕೊಕ್ಕು ಟಪ್ ಅಂತ ಮುಚ್ಚತ್ತೆ. ಆ ಗುಲಾಬಿ ಬಣ್ಣ ಬರೋದೂ ಆ ಊಟದಿಂದಲೇ, ತಿನ್ನೋ ಜೀವಿಗಳಲ್ಲಿರೋ ಕ್ಯಾರೊಟಿನಾಯ್ಡ್ ಅನ್ನೋ ಬಣ್ಣದ ಅಂಶದಿಂದ. ಕೆಂಪು ಕತ್ತಿನ ರೆಡಿಶ್ ಎಗ್ರೆಟ್ ಅನ್ನೋ ಬೆಳ್ಳಕ್ಕಿ ಜಾತಿಯದ್ದು ಇನ್ನೂ ಚಂದ, ನಿಂತು ಕಾಯೋದೇ ಇಲ್ಲ, ಓಡತ್ತೆ, ಗಿರಕಿ ಹೊಡೆಯತ್ತೆ, ಎರಡೂ ರೆಕ್ಕೆ ಹರಡಿ ನೀರಿನ ಮೇಲೆ ನೆರಳು ಮಾಡಿ ಆ ನೆರಳಲ್ಲಿ ಮೀನು ಹಿಡಿಯತ್ತೆ.

ಚಳಿಗಾಲದಲ್ಲಿ ಬಿಳಿ ಹೆಜ್ಜಾರ್ಲೆಗಳು ಬರತ್ವೆ. ಕಂದು ಹೆಜ್ಜಾರ್ಲೆ ವರ್ಷ ಪೂರ್ತಿ ಇರತ್ತೆ, ಅದು ಮೇಲಿಂದ ಧುಮುಕಿ ಮೀನು ಹಿಡಿಯೋದು, ಬಿಳಿದು ನೀರಲ್ಲಿ ತೇಲ್ತಾ ಗುಂಪಾಗಿ ಮೀನುಗಳನ್ನ ಒತ್ತರಿಸಿ ಹಿಡಿಯೋದು, ಎರಡನ್ನೂ ಒಂದೇ ದಿನ ನೋಡೋಕೆ ಸಿಕ್ರೆ ಅದೃಷ್ಟ.

ಗಿಡಮರ_ಗೌಡ್ರು

ಭಟ್ರೇ ಹಕ್ಕಿ ಹೇಳಿದ್ರಿ, ಅದು ನಿಂತಿರೋ ಮರ ಬಿಟ್ಬಿಟ್ರಿ 🙂 ಮ್ಯಾಂಗ್ರೋವ್ ಅಂದ್ರೆ ಒಂದೇ ಗಿಡ ಅಲ್ಲ. ನೀರಿನ ಅಂಚಲ್ಲಿ ಕಮಾನು ಕಮಾನಾಗಿ ಬೇರು ಇಳಿಬಿಟ್ಟಿರೋದು ರೆಡ್ ಮ್ಯಾಂಗ್ರೋವ್. ಅದರ ಕೊಂಬೆ ನೋಡಿ, ಪೆನ್ಸಿಲ್ ಉದ್ದದ ಹಸಿರು ಕಡ್ಡಿ ನೇತಾಡ್ತಿರತ್ತೆ, ಅದು ಕಾಯಿ ಅಲ್ಲ, ಮರದ ಮೇಲಿದ್ದಾಗಲೇ ಮೊಳೆತ ಸಸಿ. ಬಿದ್ದು ತೇಲ್ಕೊಂಡು ಹೋಗಿ ಎಲ್ಲಾದ್ರೂ ಕೆಸರು ಸಿಕ್ಕಿದ ಕಡೆ ಬೇರು ಬಿಡತ್ತೆ. ಸ್ವಲ್ಪ ಒಳಗೆ ಬ್ಲ್ಯಾಕ್ ಮ್ಯಾಂಗ್ರೋವ್, ಸುತ್ತ ನೆಲದಿಂದ ಬೆರಳುಗಳಂಥ ಉಸಿರುಬೇರುಗಳು ಮೇಲೆ ಎದ್ದಿರತ್ವೆ, ಎಲೆ ನೆಕ್ಕಿ ನೋಡಿದ್ರೆ ಉಪ್ಪು, ಹೀರಿದ ಉಪ್ಪನ್ನ ಎಲೆಯಿಂದಲೇ ಹೊರಗೆ ಹಾಕತ್ತೆ. ಬೇರಿನ ಮೇಲೆ ಕಣ್ಣಿಟ್ಟು ನಿಂತ್ರೆ ಕಂದು ಬಣ್ಣದ ಸಣ್ಣ ಏಡಿಗಳು, ನಾವು ಒಂದು ಹೆಜ್ಜೆ ಇಟ್ರೆ ಬೇರಿನ ಆಚೆ ಮಗ್ಗುಲಿಗೆ ಸರ್ಕೊಂಡು ಅಡಗತ್ವೆ, ಅವು ಮರ ಹತ್ತಿ ಎಲೆ ತಿನ್ನೋ ಏಡಿಗಳು.

ಬೀಚ್ ಕಡೆ ದಿಬ್ಬದ ಮೇಲೆ ಗೋಧಿ ತೆನೆ ಥರ ತೂಗೋದು ಸೀ ಓಟ್ಸ್. ಚಂದ ಇದೆ ಅಂತ ಕೀಳ್ಬೇಡಿ, ಫ್ಲೋರಿಡಾ ಕಾನೂನಿನ ಪ್ರಕಾರ ಕೀಳೋ ಹಾಗಿಲ್ಲ. ಅದರ ಬೇರು ಇಲ್ದಿದ್ರೆ ಆ ದಿಬ್ಬದ ಮರಳು ನಿಲ್ಲಲ್ಲ. ದಿಬ್ಬ ದಾಟೋಕೆ ಮಾಡಿರೋ ದಾರೀಲೇ ಹೋಗಿ.

ಸುಮ್ನಿರಲ್ಲ

ಎಲ್ರೂ ಚಿಪ್ಪು ಹೆಕ್ಕೋದನ್ನ ಇಷ್ಟು ಸಲೀಸಾಗಿ ಹೇಳ್ತಿದೀರಲ್ಲ, ನಂಗೆ ಒಪ್ಪಿಗೆ ಇಲ್ಲ. ಖಾಲಿ ಚಿಪ್ಪು ಅಂದ್ರೆ ಕಸ ಅಲ್ಲ. ಸನ್ಯಾಸಿ ಏಡಿಗೆ ಅದೇ ಮನೆ, ಬೆಳೆದಂಗೆಲ್ಲಾ ದೊಡ್ಡ ಮನೆ ಬೇಕು. ಪುಡಿಯಾದ್ರೆ ಅದೇ ಬೀಚ್‌ನ ಮರಳಾಗತ್ತೆ. ವರ್ಷಕ್ಕೆ ಬರೋ ಅಷ್ಟೂ ಜನ ಒಂದೊಂದು ಬ್ಯಾಗ್ ತುಂಬ್ಕೊಂಡು ಹೋದ್ರೆ ಏನು ಉಳಿಯತ್ತೆ?

ಕಪ್ಪೆಚಿಪ್ಪು

ಕಾಳಜಿ ಸರಿಯಾಗೇ ಇದೆ. ಮೊದಲು ಕಾನೂನು ಏನು ಅನ್ನೋದು ಹೇಳ್ತೀನಿ. 1995ರಿಂದ ಸ್ಯಾನಿಬೆಲ್‌ನಲ್ಲಿ ಜೀವ ಇರೋ ಚಿಪ್ಪು ಒಂದನ್ನೂ ತೆಗೆಯೋ ಹಾಗಿಲ್ಲ, ನಕ್ಷತ್ರಮೀನು, ಸ್ಯಾಂಡ್ ಡಾಲರ್ (ಬಿಲ್ಲೆ ಥರ ಚಪ್ಪಟೆ ಕಡಲಜೀವಿ), ಸೀ ಅರ್ಚಿನ್ (ಮುಳ್ಳುಚೆಂಡಿನಂಥದ್ದು) ಕೂಡ ಅದರಲ್ಲೇ ಸೇರಿದೆ. ಸಿಕ್ಕಿಬಿದ್ರೆ ಮೊದಲ ಸಲಕ್ಕೇ 500 ಡಾಲರ್‌ವರೆಗೆ ದಂಡ, 60 ದಿನದವರೆಗೆ ಜೈಲು. ಖಾಲಿ ಚಿಪ್ಪು ತಗೋಬಹುದು. ರೆಫ್ಯೂಜ್ ಒಳಗೆ ಮಾತ್ರ ಖಾಲಿದನ್ನೂ ಮುಟ್ಟೋ ಹಾಗಿಲ್ಲ.

ಜೀವ ಇದೆಯಾ ಇಲ್ವಾ ಅಂತ ನೋಡೋದು ಹೇಗೆ ಅಂದ್ರೆ ಶಂಖದ ಬಾಯಲ್ಲಿ ಕಂದು ಬಣ್ಣದ ಗಟ್ಟಿ ಮುಚ್ಚಳ ಇದ್ರೆ ಒಳಗೆ ಪ್ರಾಣಿ ಇದೆ, ಕಾಲುಗಳು ಕಂಡ್ರೆ ಸನ್ಯಾಸಿ ಏಡಿ. ಎರಡಕ್ಕೂ ಕಾನೂನು ಒಂದೇ. ಜೋಡಿಚಿಪ್ಪು ಬಿಗಿಯಾಗಿ ಮುಚ್ಚಿದ್ರೆ ಅಲ್ಲೇ ಬಿಡಿ. ಸ್ಯಾಂಡ್ ಡಾಲರ್ ಬೆಳ್ಳಗಿದ್ರೆ ಸತ್ತದ್ದು, ಕಂದಾಗಿ ಮೇಲೆ ಮಖಮಲ್ ಥರ ಸಣ್ಣ ಮುಳ್ಳುಗಳಿದ್ರೆ ಬದುಕಿದೆ, ಅಂಗೈ ಮೇಲೆ ಇಟ್ಟರೆ ಮುಳ್ಳು ಅಲುಗೋದು ಗೊತ್ತಾಗತ್ತೆ. ಫೈಟಿಂಗ್ ಕಾಂಕ್ ಅನ್ನೋ ಕಿತ್ತಳೆ-ಕಂದು ಶಂಖ ಗಾಳಿ ಜೋರಾದ ದಿನ ರಾಶಿ ರಾಶಿ ದಡಕ್ಕೆ ಬಂದು ಬೀಳತ್ತೆ, ಖಾಲಿ ಅಂದ್ಕೊಂಡು ಜನ ಬುಟ್ಟಿಗೆ ಹಾಕ್ತಾರೆ. ತಿರುಗಿಸಿ ಇಟ್ಟು ಸ್ವಲ್ಪ ಕಾಯಿರಿ, ಮೊದಲು ಉದ್ದನೆ ಕಾಂಡದ ತುದೀಲಿ ಎರಡು ಕಣ್ಣು ಹೊರಗೆ ಬರತ್ವೆ, ಸುತ್ತ ನೋಡತ್ತೆ, ಆಮೇಲೆ ಉಗುರಿನಂಥ ಮುಚ್ಚಳವನ್ನ ಮರಳಿಗೆ ಊರಿ ಒದ್ದು ಒಂದೇ ಸಲಕ್ಕೆ ಮಗುಚಿಕೊಳತ್ತೆ. ಅದನ್ನ ಒಂದು ಸಲ ನೋಡಿದ ಮಕ್ಳಿಗೆ ಮತ್ತೆ ಯಾರೂ ಕಾನೂನು ಹೇಳ್ಬೇಕಾಗಿಲ್ಲ. ನೀರಿಗೆ ಬಿಡೋದಾದ್ರೆ ಮೆಲ್ಲಗೆ ಇಡಿ, ದೂರಕ್ಕೆ ಎಸೀಬೇಡಿ, ಬಿದ್ದ ಏಟಿಗೆ ಚಿಪ್ಪು ಒಡೆಯತ್ತೆ.

ಖಾಲಿದರ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ, ಮುಷ್ಟಿಯಲ್ಲಿ ಹಿಡಿಸೋಷ್ಟು ತಗೊಳಿ, ದೊಡ್ಡ ಶಂಖಗಳನ್ನ ಏಡಿಗಳಿಗೆ ಬಿಡಿ, ಉಳಿದದ್ದು ಫೋಟೋ.

ಸುಮ್ನಿರಲ್ಲ

ಮುಷ್ಟಿ ಅಂದ್ರೆ ಪರವಾಗಿಲ್ಲ. ಬಕೆಟ್ ಹಿಡ್ಕೊಂಡು ಬರೋರಿಗೇ ನಾನು ಹೇಳಿದ್ದು.

ಧಾರವಾಡದ_ಮಾಸ್ತರ್

ನನಗ ಅಲ್ಲಿ ಭಾಳ ಸೇರಿದ್ದು ಲೈಟ್ನಿಂಗ್ ವೆಲ್ಕ್ ಅನ್ನೋ ಶಂಖ ನೋಡ್ರಿ. ಬಾಯಿ ನಮ್ಮ ಕಡೆ ಮಾಡಿ, ತುದಿ ಮ್ಯಾಲ ಹಿಡದ್ರ ಹೆಚ್ಚಿನ ಶಂಖಗಳ ಬಾಯಿ ಬಲಕ್ಕ ಇರ್ತದ, ಇದರದ್ದು ಎಡಕ್ಕ. ಆ ದ್ವೀಪದಾಗ ಹಿಂದ ಇದ್ದ ಕಲೂಸಾ ಜನ ಇದನ್ನ ಮಾಂಸಕ್ಕ ಅಷ್ಟ ಅಲ್ಲ, ಕಟಿಗಿ ಹಿಡಿಕಿ ಹಾಕಿ ಸುತ್ತಿಗಿ, ಕೊಡಲಿ ಹಂಗನೂ ಬಳಸ್ತಿದ್ರು. ಅವರು ತಿಂದು ಒಗದ ಚಿಪ್ಪಿನ ದಿಬ್ಬಗಳು ರೆಫ್ಯೂಜ್ ಒಳಗ ಇನ್ನೂ ಅದಾವ, ಅದರ ಮ್ಯಾಲ ಈಗ ಮರ ಬೆಳದಾವ.

ಇದರ ತತ್ತಿನೂ ದಂಡಿಗೆ ಬಂದು ಬೀಳ್ತದ. ಒಣಗಿದ ಹಾವಿನ ಎಲುಬಿನ ಸಾಲು ಇದ್ದಂಗ, ಹಳದಿ ಬಿಲ್ಲೆಗಳು ಒಂದು ದಾರಕ್ಕ ಪೋಣಿಸಿದಂಗ ಇರ್ತದ. ಒಣಗಿದ್ದು ಸಿಕ್ಕರ ಬೆಳಕಿಗೆ ಹಿಡೀರಿ, ಬಿಲ್ಲಿಯ ಅಂಚಿನಾಗ ಒಂದು ಸಣ್ಣ ತೂತು ಇದ್ರ ಮರಿ ಹೊರಗ ಹೋಗ್ಯಾವ ಅಂತ ಅರ್ಥ. ಒಮ್ಮೊಮ್ಮೆ ಒಳಗ ಉಳಿದ ಮರಿ ಚಿಪ್ಪು ಕಾಣ್ತಾವ, ಸಾಸಿವಿಗಿಂತ ಚೂರು ದೊಡ್ಡವು, ಪ್ರತಿಯೊಂದಕ್ಕೂ ಆಗಲೇ ಎಡಕ್ಕ ತಿರುಗಿದ ಬಾಯಿ! ಮೆತ್ತಗ, ಹಸಿ ಇದ್ದ ಸರ ಮಾತ್ರ ಜೀವ ಇರ್ಬಹುದು, ಅಲ್ಲೇ ಬಿಡ್ರಿ.

ಇನ್ನೊಂದು, ಜೋಡಿಚಿಪ್ಪಿನ ಮ್ಯಾಲ ಡ್ರಿಲ್ ಹೊಡದಂಗ ದುಂಡಗಿನ ತೂತು ಕಾಣ್ತದಲ್ರಿ, ಅದು ಮೂನ್ ಸ್ನೇಲ್ ಕೆಲಸ. ನಾಲಿಗಿಯಿಂದ ಕೊರದು ಒಳಗಿನ ಪ್ರಾಣಿ ತಿಂದಿರ್ತದ. ತೂತಿನ ಅಂಚು ಇಳಿಜಾರು ಇರ್ತದ, ಕೈ ಆಡಿಸಿದ್ರ ಗೊತ್ತಾಗ್ತದ.

ಅಲೆಮಾರಿ_ದಂಪತಿ

ಮಾಸ್ತರ್ ಸರ್, ಜುನೋನಿಯಾ ಅಂತ ಒಂದು ಅಪರೂಪದ್ದು ಸಿಗತ್ತಂತಲ್ಲ, ನನ್ನ ಮಗ ಅದನ್ನೇ ಹುಡುಕ್ತೀನಿ ಅಂತ ಕೂತಿದಾನೆ.

ಧಾರವಾಡದ_ಮಾಸ್ತರ್

ಹುಡುಕಲಿ ಬಿಡ್ರಿ! ಕೆನೆಬಣ್ಣದ ಮ್ಯಾಲ ಕಂದು ಚೌಕ ಚೌಕ ಮಚ್ಚಿ. ಅದು ಆಳ ನೀರಿನ ಪ್ರಾಣಿ, ಹಂಗಾಗಿ ದೊಡ್ಡ ಗಾಳಿ ಬಿರುಗಾಳಿ ಆದ ಮ್ಯಾಲ ಅಷ್ಟ ದಂಡಿಗೆ ಬರೋ ಸಾಧ್ಯತೆ. ಸಿಕ್ಕವರ ಫೋಟೋ ಅಲ್ಲಿನ ಪೇಪರಿನಾಗ ಹಾಕ್ತಾರ. ಸಿಗಲಿಲ್ಲ ಅಂದ್ರ ಶೆಲ್ ಮ್ಯೂಸಿಯಂನಾಗ ತೋರ್ಸಿರಿ, 1995ರಾಗ ತಗದದ್ದು, ಈಗ ಜೀವಂತ ಪ್ರಾಣಿಗಳ ಅಕ್ವೇರಿಯಂನೂ ಐತಿ.

ಮಳೆಬಿಲ್ಲು

ನಮ್ಮದು ಜೂನ್‌ನಲ್ಲಿ. ಆಮೆ ಮೊಟ್ಟೆ ಇಡೋದು ನೋಡೋಕೆ ಸಿಗತ್ತಾ? ರಾತ್ರಿ ಟಾರ್ಚ್ ತಗೊಂಡು ಬೀಚ್‌ಗೆ ಹೋಗ್ಬಹುದಾ?

ಕಪ್ಪೆಚಿಪ್ಪು

ಟಾರ್ಚ್ ಖಂಡಿತ ಬೇಡ ಕಣ್ರೀ, ಮೊಬೈಲ್ ಫ್ಲ್ಯಾಶ್ ಕೂಡ ಬೇಡ. ಬೇಸಿಗೆ ಪೂರ್ತಿ ಅಲ್ಲಿ ಲಾಗರ್‌ಹೆಡ್ ಆಮೆಗಳು ಗೂಡು ಮಾಡೋ ಕಾಲ, ಗ್ರೀನ್ ಟರ್ಟಲ್ ಕೂಡ ಬರತ್ತೆ. ಮೇಲೆ ಹತ್ತಿ ಬರ್ತಿರೋ ತಾಯಿ ಬೆಳಕು ಕಂಡ್ರೆ ಮೊಟ್ಟೆ ಇಡದೆ ವಾಪಸ್ ಹೋಗ್ಬಿಡತ್ತೆ. ಮರಿಗಳ ಕಥೆ ಇನ್ನೂ ಕಷ್ಟ, ಹೊರಗೆ ಬಂದ ತಕ್ಷಣ ಬೆಳಕು ಹೆಚ್ಚಿರೋ ದಿಕ್ಕಿಗೆ ಓಡೋದು ಅವಕ್ಕೆ ಹುಟ್ಟುಗುಣ, ಕತ್ತಲೆ ಬೀಚ್‌ನಲ್ಲಿ ಆ ದಿಕ್ಕು ಕಡಲು, ಹಿಂದೆ ಯಾರದ್ದೋ ಬಾಲ್ಕನಿ ಲೈಟ್ ಉರೀತಿದ್ರೆ ಅದೇ ಕಡಲು ಅಂದ್ಕೊಳತ್ವೆ.

ನೋಡ್ಬೇಕು ಅಂದ್ರೆ ಮುಂಜಾನೆ ಹೋಗಿ. ರಾತ್ರಿ ಬಂದು ಹೋದ ತಾಯಿಯ ಗುರುತು ಮರಳಲ್ಲಿ ಅಚ್ಚಾಗಿ ಉಳಿದಿರತ್ತೆ, ಲಾಗರ್‌ಹೆಡ್ ಎಡ ಬಲ ಕಾಲು ಒಂದಾದ ಮೇಲೊಂದು ಹಾಕೋದ್ರಿಂದ ಗುರುತು ಅಲ್ಪವಿರಾಮದಂಥ ಬಾಗುಗಳು ಒಂದಕ್ಕೊಂದು ಸರಿದು ಸರಿದು ಇರತ್ವೆ, ಗ್ರೀನ್ ಟರ್ಟಲ್ ಎರಡೂ ಕಾಲು ಒಟ್ಟಿಗೆ ಎಳೆಯೋದ್ರಿಂದ ಎರಡೂ ಕಡೆ ಜೋಡಿಯಾಗಿ ಸಮ ಬಿದ್ದಿರತ್ತೆ. ಆ ಹೊತ್ತಿಗೆ ಸ್ಯಾನಿಬೆಲ್-ಕ್ಯಾಪ್ಟಿವಾ ಕನ್ಸರ್ವೇಷನ್ ಫೌಂಡೇಶನ್‌ನವರು ಬೀಚ್ ಸುತ್ತಿ ಹೊಸ ಗೂಡಿಗೆ ಕೋಲು ನೆಟ್ಟು ಟೇಪ್ ಕಟ್ತಾ ಇರ್ತಾರೆ. ಗುರುತಿನ ಮೇಲೆ ನಡೆದು ಅಳಿಸ್ಬೇಡಿ, ಅದನ್ನ ನೋಡೇ ಅವರು ಗೂಡು ಹುಡುಕೋದು. ಒಂದು ಗೂಡಲ್ಲಿ ಸುಮಾರು 100 ಮೊಟ್ಟೆ, ಮರಿ ಆಗೋಕೆ ಹತ್ತಿರ ಹತ್ತಿರ 2 ತಿಂಗಳು ಬೇಕು. ಮರಳು ಬಿಸಿ ಜಾಸ್ತಿ ಇದ್ರೆ ಹೆಣ್ಣುಮರಿ ಹೆಚ್ಚು, ತಂಪಿದ್ರೆ ಗಂಡು. ಹಗಲು ಮಕ್ಳು ತೋಡಿದ ಗುಂಡಿ ಹೊರಡೋ ಮುಂಚೆ ಮುಚ್ಚಿ ಮಟ್ಟ ಮಾಡಿ, ಕುರ್ಚಿ ಛತ್ರಿ ರಾತ್ರಿ ಬಿಡ್ಬೇಡಿ. ಆಮೆ ಗುಂಡೀಲಿ ಬಿದ್ರೆ ಹತ್ತೋಕೆ ಆಗಲ್ಲ.

ಜೂನ್ ಅಂದ್ರೆ ಇನ್ನೊಂದು ವಿಷ್ಯ, ಮಳೆಗಾಲ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಹೆಚ್ಚುಕಮ್ಮಿ ದಿನಾ. ಗುಡುಗು ಕೇಳಿದ ಕ್ಷಣ ನೀರು ಬಿಟ್ಟು ಕಾರಿಗೋ ಕಟ್ಟಡಕ್ಕೋ ಹೋಗ್ಬಿಡಿ. ಮರದ ಕೆಳಗೆ ನಿಲ್ಬೇಡಿ.

ಬೈನಾಕ್ಯುಲರ್_ಭಟ್ಟ

ಆಮೆ ಗೂಡಿನ ಜೊತೆ ಹಕ್ಕಿ ಗೂಡೂ ಸೇರಿಸಿ ಅಕ್ಕಾ. ಸ್ನೋಯಿ ಪ್ಲವರ್ ಅಂತ ಮರಳಿನದೇ ಬಣ್ಣದ ಪುಟ್ಟ ಹಕ್ಕಿ ಬರೀ ಮರಳಲ್ಲಿ ಒಂದು ತಗ್ಗು ಮಾಡಿ ಮೊಟ್ಟೆ ಇಡತ್ತೆ, ಎರಡಡಿ ದೂರದಲ್ಲಿ ನಿಂತ್ರೂ ಕಾಣಲ್ಲ. ಹಗ್ಗ ಕಟ್ಟಿದ ಜಾಗ ಕಂಡ್ರೆ ದೂರದಿಂದ ಸುತ್ಕೊಂಡು ಹೋಗಿ. ಹಕ್ಕಿ ರೆಕ್ಕೆ ಮುರಿದ ಹಾಗೆ ಎಳೀತಾ ನಿಮ್ಮ ಮುಂದೆ ಓಡಿದ್ರೆ ಮೊಟ್ಟೆ ಹತ್ತಿರ ಇದೆ ಅಂತ, ಬಂದ ಹೆಜ್ಜೇಲೇ ಹಿಂದೆ ಸರೀರಿ.

ನೋಡಿಬಂದವ

ಇಯಾನ್ ಚಂಡಮಾರುತ ಆದಮೇಲೆ ಹೇಗಿದೆ ಅಂತ ಯಾರೂ ಬರೀಲಿಲ್ಲ. 2022ರ ಸೆಪ್ಟೆಂಬರ್ 28ಕ್ಕೆ ಬಂದಿದ್ದು, ಕಡಲು ಉಕ್ಕಿ ದ್ವೀಪದ ಮೇಲೇ ಹರೀತು, 1963ರಲ್ಲಿ ಮೊದಲು ಕಟ್ಟಿದ ಕಾಸ್‌ವೇ (ದ್ವೀಪವನ್ನ ಆಚೆ ದಡಕ್ಕೆ ಸೇರಿಸೋ ಸೇತುವೆ ರಸ್ತೆ) ಹಲವು ಕಡೆ ಕೊಚ್ಚಿಹೋಗಿ ದ್ವೀಪಕ್ಕೆ ರಸ್ತೆಯೇ ಇಲ್ದಂಗಾಯ್ತು. ಅಕ್ಟೋಬರ್‌ನಲ್ಲೇ ತಾತ್ಕಾಲಿಕವಾಗಿ ಜೋಡಿಸಿ ಓಡಾಟ ಶುರು ಮಾಡಿದ್ರು. ಲೈಟ್‌ಹೌಸ್ 1884ರದ್ದು, ಕಬ್ಬಿಣದ ಕಾಲುಗಳ ಮೇಲೆ ನಿಂತಿರೋದು, ಒಂದು ಕಾಲು ಕಿತ್ತು ಹೋದ್ರೂ ಬೀಳಲಿಲ್ಲ, ಪಕ್ಕದ ಕೀಪರ್ ಮನೆಗಳು ಹೋದ್ವು. 2023ರ ಫೆಬ್ರವರಿ 28ಕ್ಕೆ ದೀಪ ಮತ್ತೆ ಹಚ್ಚಿದ್ರು. ಹಳೇ ಫೋಟೋದಲ್ಲಿರೋ ನೆರಳು ಈಗ ಎಲ್ಲಾ ಕಡೆ ಹುಡುಕ್ಬೇಡಿ, ಟೋಪಿ ನೀರು ಜೊತೇಲಿರಲಿ.

ನಂಗೆ ಈ ದ್ವೀಪದ ಮೇಲೆ ಗೌರವ ಇರೋದು ಇನ್ನೊಂದು ಕಾರಣಕ್ಕೆ. 1974ರಲ್ಲಿ ಇಲ್ಲಿನ ಜನ ತಾವೇ ಒಂದು ಸಿಟಿ ಮಾಡ್ಕೊಂಡು ಎತ್ತರದ ಕಟ್ಟಡಗಳ ಸಾಲು ಬರದ ಹಾಗೆ ತಡೆದ್ರು. ಅದರಿಂದಲೇ ಇವತ್ತೂ ಬೀಚ್ ಮೇಲೆ ನಿಂತು ಹಿಂದೆ ತಿರುಗಿದ್ರೆ ಮರ ಕಾಣತ್ತೆ.

ಮಳೆಬಿಲ್ಲು

ನಮ್ಮ ಅತ್ತೆಗೆ ಅಸ್ತಮಾ ಇದೆ. ರೆಡ್ ಟೈಡ್ ಅಂತ ಏನೋ ಕೇಳಿದೆ, ಭಯ ಆಗ್ತಿದೆ.

ತೆಂಕಣಗಾಳಿ

ಭಯ ಬೇಡ, ಆದ್ರೆ ಹೊರಡುವ ಮುಂಚೆ ನೋಡ್ಲೇಬೇಕು. ಕರೇನಿಯಾ ಬ್ರೆವಿಸ್ ಅನ್ನುವ ಸೂಕ್ಷ್ಮ ಪಾಚಿ ಒಮ್ಮೆಲೇ ಹೆಚ್ಚಾದಾಗ ಆಗುವುದು ಅದು. ಅಲೆ ಒಡೆಯುವಾಗ ಅದರ ವಿಷ ತುಂತುರಿನ ಜೊತೆ ಗಾಳಿಗೆ ಸೇರ್ತದೆ, ಆರೋಗ್ಯ ಇದ್ದವರಿಗೂ ಗಂಟಲು ಕೆರೆತ, ಕೆಮ್ಮು ಬರ್ತದೆ. ಅಸ್ತಮಾ ಇದ್ದವರು ಆ ದಿನ ಬೀಚ್‌ಗೆ ಹೋಗ್ಲೇಬಾರದು. 2018ರಲ್ಲಿ ತುಂಬಾ ಕೆಟ್ಟದಾಗಿತ್ತು, ಮೀನು, ಆಮೆ ಎಷ್ಟೋ ಸತ್ತು ದಡಕ್ಕೆ ಬಂದವು. ಫ್ಲೋರಿಡಾ ಫಿಶ್ ಅಂಡ್ ವೈಲ್ಡ್‌ಲೈಫ್ ಕಮಿಷನ್‌ನವರು ಎಲ್ಲೆಲ್ಲಿ ಎಷ್ಟು ಉಂಟು ಅಂತ ಮ್ಯಾಪ್ ಹಾಕ್ತಾರೆ. ಗಾಳಿ ಭೂಮಿಯಿಂದ ಕಡಲಿಗೆ ಬೀಸ್ತಿದ್ರೆ ತೊಂದರೆ ಕಮ್ಮಿ, ಆದ್ರೂ ಇನ್‌ಹೇಲರ್ ಕೈಯಲ್ಲೇ ಇರ್ಲಿ.

ಮಳೆಬಿಲ್ಲು

ಥ್ಯಾಂಕ್ಸ್ ಸರ್. ಕೊನೇ ಪ್ರಶ್ನೆ, ನಮಗೆ ಸಿಗೋದು ಶುಕ್ರವಾರ ಒಂದೇ ದಿನ. ಅತ್ತೆಗೆ ಜಾಸ್ತಿ ನಡೆಯೋಕಾಗಲ್ಲ, ರೆಫ್ಯೂಜ್‌ನಲ್ಲಿ ಕಾರಲ್ಲೇ ಹೋಗ್ಬಹುದು ಅಂದ್ರಲ್ಲ ಅದು ಅವರಿಗೆ ಸರಿ ಅನ್ಸತ್ತೆ.

ಬೈನಾಕ್ಯುಲರ್_ಭಟ್ಟ

ಅಯ್ಯೋ ಶುಕ್ರವಾರ ವೈಲ್ಡ್‌ಲೈಫ್ ಡ್ರೈವ್ ಮುಚ್ಚಿರತ್ತೆ ಮೇಡಂ, ವಾರಕ್ಕೊಂದು ದಿನ ಹಕ್ಕಿಗಳಿಗೆ ಬಿಡ್ತಾರೆ. ಆಗತ್ತೆ ಅಂದ್ರೆ ಗುರುವಾರಕ್ಕೋ ಶನಿವಾರಕ್ಕೋ ಬದಲಾಯಿಸಿ, ಅತ್ತೆಯವರು ಸೀಟಲ್ಲೇ ಕೂತು ಎಲ್ಲಾ ನೋಡ್ಬಹುದು, ರಸ್ತೆ ಪಕ್ಕದಲ್ಲೇ ಹಾವಕ್ಕಿ ರೆಕ್ಕೆ ಬಿಡಿಸಿ ಒಣಗಿಸ್ತಾ ಕೂತಿರತ್ತೆ. ಬದಲಾಯಿಸೋಕೆ ಆಗಲ್ಲ ಅಂದ್ರೆ ಬೆಳಿಗ್ಗೆ ಬೇಗ ಲೈಟ್‌ಹೌಸ್ ಬೀಚ್, ಅಲೆಯ ಅಂಚಿಗೆ ಕುರ್ಚಿ ಹಾಕಿ ಕೂರ್ಸಿ, ಸ್ಯಾಂಡರ್‌ಲಿಂಗ್ ಅನ್ನೋ ಪುಟ್ಟ ಹಕ್ಕಿಗಳು ಅಲೆ ಜೊತೆ ಹಿಂದೆ ಮುಂದೆ ಓಡೋದು, ಹೆಜ್ಜಾರ್ಲೆ ಧುಮುಕೋದು ಎಲ್ಲಾ ಅಲ್ಲಿಂದಲೇ ಕಾಣತ್ತೆ. ನಡೆಯೋರಿಗೆ ಟಾರ್ಪನ್ ಬೇ ರಸ್ತೇಲಿ ಬೇಲಿ ಟ್ರ್ಯಾಕ್ಟ್ ಅಂತ ರೆಫ್ಯೂಜ್‌ನದೇ ಇನ್ನೊಂದು ತುಂಡು ಇದೆ, ಅದು ಸಿಹಿನೀರಿನ ಜಾಗ. ಅಲ್ಲಿ ಮೊಸಳೆ ಜಾತಿಯ ಆಲಿಗೇಟರ್ ಇರತ್ವೆ, ನೀರಿನ ಅಂಚಿಂದ ದೂರ ಇರಿ, ಏನೂ ತಿನ್ನೋಕೆ ಹಾಕ್ಬೇಡಿ, ಫ್ಲೋರಿಡಾದಲ್ಲಿ ಅದು ಅಪರಾಧ.

ಮಳೆಬಿಲ್ಲು

ಶನಿವಾರಕ್ಕೆ ಬದಲಾಯಿಸಿದೆ ಸರ್, ನಮ್ಮೋರೂ ಒಪ್ಕೊಂಡ್ರು. ಆ ದಿನದ ಟೈಡ್ ಟೇಬಲ್ ನೋಡಿದೆ, ಇಳಿತ ಬೆಳಿಗ್ಗೆ 8ಕ್ಕೆ ಅಂತಿದೆ. ಹಾಗಾದ್ರೆ 7ಕ್ಕೆ ಬೀಚ್, ಅಲ್ಲಿಂದ ನೇರ ರೆಫ್ಯೂಜ್, ಮಧ್ಯಾಹ್ನ ಮಳೆ ಬರೋ ಮುಂಚೆ ವಾಪಸ್, ಸರಿನಾ ಅಕ್ಕಾ?

ಕಪ್ಪೆಚಿಪ್ಪು

ಸರಿಯಾಗಿದೆ. ಪಾರ್ಕಿಂಗ್ ತುಂಬೋ ಮುಂಚೆ, 6:30ಕ್ಕೇ ತಲುಪೋ ಥರ ಹೊರಡಿ.